ಎಂಬತ್ತಕ್ಕೆ ಇಳಿದ ದನಿ

“ಈ ನಾಬನ್ನ ನಿಮ್ಮೋರು ಯಾರಾದ್ರೂ ಮುಟ್ಟಿದ್ರಾ ಮೇಡಂ?”

ಠಾಣೆಯ ಅಂಗಳದಲ್ಲಿ ನಿಂತ ಕಾರಿನ ಡಿಕ್ಕಿಯೊಳಗೆ ತಲೆ ತೂರಿಸಿಕೊಂಡೇ ಗುಡುಗಣ್ಣ ಕೇಳಿದ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

“ಯಾವ ನಾಬು?”

“ಈ ಆಂಪಿಂದು, ದನಿ ಹೆಚ್ಚಿಸೋ ಮಿಷನ್ನಿಂದು. ಪಕ್ಕದಲ್ಲಿ ತೂತಿನೊಳಗೆ ತಿರುಗಿಸೋ ಎರಡು ಪುಟ್ಟವು ಇದಾವಲ್ಲ, ಅವು.”

“ನಮ್ಮೋರಿಗೆ ರೇಡಿಯೋ ಆರಿಸೋಕೇ ಬರಲ್ಲ. ನಾಬ್ ಯಾರ್ರೀ ಮುಟ್ತಾರೆ.” ಇನ್ಸ್‌ಪೆಕ್ಟರ್ ಮೇಡಂ ಸಮಯ ನೋಡಲು ಎಡಗೈ ಎತ್ತಿದರು. ಮಣಿಕಟ್ಟಿನಲ್ಲಿ ಗಡಿಯಾರವಿರಲಿಲ್ಲ. ಕೈ ಇಳಿಸಿ ಜೇಬಿನಿಂದ ಫೋನ್ ತೆಗೆದರು. “ಹತ್ತೂ ಕಾಲು. ಸಂಜೆ ಐದಕ್ಕೆ ಫೈಲ್ ಮುಚ್ತೀನಿ. ನೋಡೋದನ್ನ ಬೇಗ ನೋಡಿ.”

ಒಂಬತ್ತು ದಿನದ ಹಿಂದೆ, ಬೆಳಿಗ್ಗೆ ಎಂಟು ಗಂಟೆಗೆ, ಗುಡುಗಣ್ಣನ ತಂಗಿಯ ಗಂಡ ಇದೇ ಕಾರಿನಲ್ಲಿ ಹಳಿ ದಾಟುವಾಗ ಗೂಡ್ಸ್ ರೈಲಿಗೆ ಸಿಕ್ಕಿ ಸತ್ತಿದ್ದ. ಕಾರಿನ ಮೂತಿ ಅಪ್ಪಚ್ಚಿಯಾಗಿತ್ತು, ಡಿಕ್ಕಿಗೆ ಗೀರೂ ಬಿದ್ದಿರಲಿಲ್ಲ. ವೈರಿನಲ್ಲಿ ನೇತಾಡುತ್ತಿದ್ದ ಟೇಪ್ ಡೆಕ್ಕಿನ ವಾಲ್ಯೂಮ್ ಕೊನೆ ಮುಟ್ಟಿತ್ತು. ರೈಲು ಅಷ್ಟು ಕೂಗಿದರೂ ಕೇಳಿಸಲಿಲ್ಲವೆಂದರೆ ಬೇಸ್, ಆ ದಪ್ಪ ದನಿ, ಎಷ್ಟು ಜೋರಿದ್ದಿರಬೇಕು ಎಂದು ಊರು ಮಾತಾಡಿಕೊಂಡಿತು.

ಆ ಬೇಸ್ ಕೂರಿಸಿಕೊಟ್ಟವನು ಕಾರುಗಳಿಗೆ ಸ್ಪೀಕರ್ ಹಾಕುವ ಅಂಗಡಿಯ ಗುಡುಗಣ್ಣ. ಸತ್ತವನು ಭಾವ, ಕೊಂದವನು ಭಾವಮೈದುನ. ಊರಿನ ಲೆಕ್ಕ ಅಷ್ಟು ಸಲೀಸಾಗಿತ್ತು.

ತಂಗಿಯ ಲೆಕ್ಕವೂ ಅದೇ ಇರಬೇಕು. ಒಂಬತ್ತು ದಿನದಿಂದ ಅವಳ ಮನೆಯ ಬಾಗಿಲು ಊರಿಗೆಲ್ಲ ತೆರೆದಿತ್ತು, ಅಣ್ಣನಿಗೆ ಮಾತ್ರ ಚಿಲಕ ಹಾಕಿತ್ತು. ಮೂರು ಸಲ ಹೋಗಿ ಮೂರು ಸಲ ಹೊಸಿಲಿನಿಂದಲೇ ವಾಪಸಾಗಿದ್ದ. ಇವತ್ತು ಫೈಲಿನಲ್ಲಿ ‘ಶಬ್ದದಿಂದ ಸಾವು’ ಎಂದು ಬರೆದು ಮುಚ್ಚಿಬಿಟ್ಟರೆ ಆ ಬಾಗಿಲು ಇನ್ನು ಜನ್ಮದಲ್ಲಿ ತೆರೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕೈ ಕಾಲು ಹಿಡಿದು ಬೇಡಿಕೊಂಡ ಮೇಲೆ, ಕಾರು ನೋಡಲು ಇವತ್ತು ಒಂದು ಗಂಟೆಯ ಅನುಮತಿ ಸಿಕ್ಕಿತ್ತು.

ಗುಡುಗಣ್ಣ ಎಂಥ ಬಡಾಯಿಯವನೆಂದರೆ, ತಾನು ಊಫರ್, ಅಂದರೆ ಬೇಸಿನ ದೊಡ್ಡ ಸ್ಪೀಕರ್, ಕೂರಿಸಿದ ಕಾರು ಬೀದಿಯಲ್ಲಿ ಹಾದರೆ ಮೂರನೇ ಮನೆಯ ಮಡಕೆಯಲ್ಲಿ ಬೆಣ್ಣೆ ತಾನೇ ತೇಲುತ್ತದೆ ಎನ್ನುತ್ತಿದ್ದ. ಸೊಂಟ ಹಿಡಿದುಕೊಂಡು ಬಂದ ಒಬ್ಬ ಮುದುಕ ಅವನ ಬೇಸಿಗೆ ಸೊಂಟ ಬಿಟ್ಟು, ಊರುಗೋಲು ಅಂಗಡಿಯಲ್ಲೇ ಮರೆತು ಓಡಿಹೋದನಂತೆ. ಸಾಕ್ಷಿ ಬೇಕಾದರೆ ಊರುಗೋಲು ಅಂಗಡಿಯ ಮೂಲೆಯಲ್ಲಿದೆ. ಅದರಿಂದ ಅವನು ಜೇಡರ ಬಲೆ ತೆಗೆಯುತ್ತಾನೆ ಎಂಬುದು ಬೇರೆ ಮಾತು. ಈ ಒಂಬತ್ತು ದಿನದಲ್ಲಿ ಆ ಬಾಯಿಂದ ಒಂದು ಸುಳ್ಳೂ ಹೊರಟಿರಲಿಲ್ಲ. ಅವನ ಗಿರಾಕಿಗಳಿಗೆ ಎಲ್ಲಕ್ಕಿಂತ ಹೆದರಿಕೆಯಾಗಿದ್ದು ಅದಕ್ಕೇ.

“ಏನಾಯ್ತು ನಾಬಿಗೆ?” ಮೇಡಂ ಹತ್ತಿರ ಬಂದರು.

“ಎಂಬತ್ತಲ್ಲಿ ಇದೆ.”

“ಇದ್ರೆ?”

“ನಾನು ಇಟ್ಟಿದ್ದು ನೂರಿಪ್ಪತ್ತಕ್ಕೆ.”

“ರೈಲು ಗುದ್ದಿದೆ ಕಣ್ರೀ. ಮನುಷ್ಯನ ತಲೆಯೇ ತಿರುಗಿಹೋಗಿತ್ತು. ನಾಬ್ ತಿರುಗಲ್ವಾ?”

ಗುಡುಗಣ್ಣ ಸೆಟೆದು ನಿಂತ. ಬೆನ್ನು ಲಟಕ್ಕೆಂದಿತು. “ಈ ನಾಬು ಬೆರಳಿಗೆ ಸಿಗಲ್ಲ ಮೇಡಂ. ಒಳಗೆ ಕೂತಿದೆ, ಸಣ್ಣ ಸ್ಕ್ರೂಡ್ರೈವರೇ ಬೇಕು. ಸರಿ, ಒಂದು ತಿರುಗ್ತು ಅಂತಿಟ್ಕೊಳ್ಳಿ. ಎರಡಿದಾವೆ. ಎರಡೂ ನೂರಿಪ್ಪತ್ತರಿಂದ ಹೊರಟು, ಎರಡೂ ಎಂಬತ್ತಕ್ಕೇ ಬಂದು, ಎರಡೂ ಗೆರೆಗೆ ಸರಿಯಾಗಿ ನಿಂತ್ಕೊಂಡ್ವಾ? ರೈಲಿಗೆ ಅಷ್ಟು ಕಸುಬು ಗೊತ್ತಿದ್ರೆ ನಾನು ಅಂಗಡಿ ಮುಚ್ಚಿ ಅದರ ಕೈಕೆಳಗೆ ಸೇರ್ಕೋತೀನಿ.”

ಮೇಡಂ ನಗಲಿಲ್ಲ. “ನನಗೆ ಅರ್ಥ ಆಗೋ ಹಾಗೆ ಹೇಳಿ. ಏನದು ಎಂಬತ್ತು, ನೂರಿಪ್ಪತ್ತು?”

“ಅಣ್ಣ ತಮ್ಮಂದಿರ ಪಾಲು ಅಂದ್ಕೊಳ್ಳಿ. ಕ್ರಾಸೋವರ್ ಅಂತೀವಿ. ಡಿಕ್ಕಿಯೊಳಗೆ ಕೂತಿರೋ ಈ ಊಫರು ದೊಡ್ಡಣ್ಣ. ಬಾಗಿಲಲ್ಲಿರೋ ಸ್ಪೀಕರು ಚಿಕ್ಕವರು. ದಪ್ಪ ದನಿಯೆಲ್ಲ ದೊಡ್ಡಣ್ಣನಿಗೆ, ತೆಳು ದನಿ ಚಿಕ್ಕವರಿಗೆ. ಯಾವ ಗೆರೆಗೆ ಭಾಗ ಮಾಡ್ಬೇಕು ಅಂತ ಹೇಳೋದು ಈ ನಂಬರು. ಎಲ್ಲ ಕಾರಿಗೂ ಎಂಬತ್ತು ಇಟ್ರೆ ನಡೆಯುತ್ತೆ. ಈ ಕಾರಿಗೆ ಮಾತ್ರ ನಡೆಯಲ್ಲ. ಇದರ ಚಿಕ್ಕವರು ತೀರಾ ಚಿಕ್ಕವರು. ಅಂಗೈಯಷ್ಟಿದಾವೆ, ಹಳೇವು. ನೂರಿಪ್ಪತ್ತರ ಕೆಳಗಿನದು ಹೊರಿಸಿದ್ರೆ ಒಡಕು ಬಾಯಿ ಬಿಡ್ತಾವೆ.”

“ಸ್ಪೀಕರ್ ಬದಲಾಯಿಸಬಹುದಿತ್ತಲ್ಲ?”

“ಭಾವ ಬಿಡಲಿಲ್ಲ.”

ಗುಡುಗಣ್ಣ ಆಂಪಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ.

ತಂಗಿಯ ಗಂಡನಾದರೂ ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ಅವನನ್ನು ಭಾವ ಎಂದೇ ಕರೆಯುತ್ತಿದ್ದ. ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ತಲೆ ಎತ್ತದ ಮನುಷ್ಯ. ತೆರೆದ ಪ್ರತಿ ಗಡಿಯಾರದ ಬೆನ್ನಿನ ಮುಚ್ಚಳದ ಒಳಗೆ ಸೂಜಿಯಿಂದ ತನ್ನ ಗುರುತು, ತಾರೀಖು ಕೆರೆದು ಮುಚ್ಚುತ್ತಿದ್ದ. ಇನ್ನೊಬ್ಬ ರಿಪೇರಿಯವನು ತೆರೆದಾಗ ತಿಳಿಯಲಿ ಎಂದು. ಆ ಕಸುಬಿನಲ್ಲಿ ಅದು ಮರ್ಯಾದೆ.

ಅಂಥವನಿಗೆ ಬೇಸ್ ಯಾಕೆ ಬೇಕಾಯಿತು ಎಂದು ಊರಿನವರು ಯಾರೂ ಕೇಳಿರಲಿಲ್ಲ. ಅವನ ಬಳಿ ಒಂದು ಕ್ಯಾಸೆಟ್ ಇತ್ತು. ತೀರಿಹೋದ ಅಪ್ಪ ಮಗನಿಗೆ ಗಡಿಯಾರ ಬಿಚ್ಚುವುದನ್ನು ಹೇಳಿಕೊಡುತ್ತ ಮಾತಾಡಿದ ನಲವತ್ತು ನಿಮಿಷ. ‘ಅವಸರ ಮಾಡ್ಬೇಡ ಮಗಾ, ಸ್ಪ್ರಿಂಗು ಹಾರುತ್ತೆ.’ ಅಪ್ಪನ ದನಿ ಎಂದರೆ ಕಾಳು ತುಂಬಿದ ನೆಲದ ಹಗೇವಿನ ಹಾಗೆ ದಪ್ಪ. ಕಾರಿನ ಹಳೆಯ ಸ್ಪೀಕರಿನಲ್ಲಿ ಅದು ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಕಾರೂ ಅಪ್ಪನದೇ. ಬಾಗಿಲಿನ ಸ್ಪೀಕರ್ ಕೂಡ ಅಪ್ಪ ಹಾಕಿಸಿದ್ದು. ಅದನ್ನು ತೆಗೆಯದೆ ದನಿ ಸರಿಮಾಡಿಕೊಡು ಎಂದು ಬಂದಿದ್ದ.

ಒಂದು ಇಡೀ ದಿನ ಹಿಡಿಯಿತು. ಗುಡುಗಣ್ಣ ಡಿಕ್ಕಿಯಲ್ಲಿ ಬಗ್ಗಿ ನಾಬನ್ನು ಕೂದಲೆಳೆಯಷ್ಟು ತಿರುಗಿಸುವುದು, ಭಾವ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂರುವುದು. ಎಂಬತ್ತು. “ಅಪ್ಪ ಇನ್ನೂ ಬಂದಿಲ್ಲ.” ತೊಂಬತ್ತು. “ಬಾಗಿಲ ಹತ್ರ ಇದ್ದಾರೆ.” ನೂರು. “ಕೆಮ್ಮಿದ್ರು.” ನೂರಿಪ್ಪತ್ತಕ್ಕೆ ಬಂದಾಗ ಭಾವ ಏನೂ ಹೇಳಲಿಲ್ಲ. ಗುಡುಗಣ್ಣ ಮುಂದೆ ಬಂದು ಇಣುಕಿದರೆ ಕೆನ್ನೆ ಒದ್ದೆಯಾಗಿತ್ತು. “ಬಂದ್ರು,” ಎಂದ.

ವಾಲ್ಯೂಮ್ ಕಾಲು ಭಾಗ ಕೂಡ ಏರಿರಲಿಲ್ಲ.

“ಅಂಥ ಮನುಷ್ಯ ಎಂಬತ್ತಕ್ಕೆ ಇಟ್ಕೊಂಡು ಒಂದು ನಿಮಿಷ ಕೂಡ ಕೇಳ್ತಿರಲಿಲ್ಲ ಮೇಡಂ,” ಗುಡುಗಣ್ಣ ಹೇಳಿದ. “ಕ್ಯಾಸೆಟ್ ಡೆಕ್ಕಲ್ಲಿ ಇತ್ತಾ?”

ಮೇಡಂ ಕೈಯಲ್ಲಿದ್ದ ಪಟ್ಟಿ ನೋಡಿದರು. “ಇಲ್ಲ. ಡಬ್ಬಿಯಲ್ಲೇ ಇತ್ತು, ಅವರ ಶರ್ಟಿನ ಜೇಬಲ್ಲಿ. ಡೆಕ್ಕು ರೇಡಿಯೋದಲ್ಲಿತ್ತು.”

“ಭಾವ ಆ ಕಾರಲ್ಲಿ ರೇಡಿಯೋ ಹಾಕಿದ್ದು ನಾನು ಕಂಡಿಲ್ಲ.”

ಮೇಡಂ ಪಟ್ಟಿ ಮಡಚಿದರು. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಮಾತಾಡುತ್ತ ಠಾಣೆಯ ಮೂಲೆ ತಿರುಗಿ ಒಳಗೆ ಹೋದರು.

ಅಂಗಳದಲ್ಲಿ ಗುಡುಗಣ್ಣನೊಬ್ಬನೇ ಉಳಿದ. ಎದುರು ಗೋಡೆಯಲ್ಲಿ ಕಾಣೆಯಾದವರ ಚಿತ್ರಗಳು. ಎರಡು ವರ್ಷದ ಹಿಂದೆ ಮನೆಬಿಟ್ಟು ಹೋಗಿ ಬಾರದ ಸರ್ವೇಯರ್‌ನದು ಎಲ್ಲಕ್ಕಿಂತ ಮೇಲಿತ್ತು. ಬಿಸಿಲಿಗೆ ಮುಖ ಮಾಸಿ, ಎದೆಯ ಮೇಲೆ ಕಟ್ಟಿಕೊಂಡ ಕೈಯಲ್ಲಿನ ಗಡಿಯಾರವಷ್ಟೇ ಎದ್ದು ಕಾಣುತ್ತಿತ್ತು.

ಅವನು ಮತ್ತೆ ಬಗ್ಗಿದ. ಆಂಪನ್ನು ಬಿಟ್ಟು ಈಗ ಊಫರಿನ ಪೆಟ್ಟಿಗೆಯ ಸುತ್ತ ಬೆರಳಾಡಿಸಿದ. ಎಂಟು ಸ್ಕ್ರೂ. ಪ್ರತಿಯೊಂದರ ತಲೆಗೂ ಹೆಂಡತಿಯ ಉಗುರುಬಣ್ಣ ಒಂದೊಂದು ತೊಟ್ಟು ಹಚ್ಚುವುದು ಅವನ ಅಭ್ಯಾಸ. ಯಾರಾದರೂ ಬಿಚ್ಚಿದರೆ ಬಣ್ಣ ಬಿರಿಯುತ್ತದೆ.

ಎಂಟೂ ಬಿರಿದಿದ್ದವು.

ಎರಡು ನಿಮಿಷದಲ್ಲಿ ಸ್ಕ್ರೂ ಬಿಚ್ಚಿ ಊಫರನ್ನು ಎತ್ತಿದ. ದನಿ ಹದವಾಗಲೆಂದು ಅವನೇ ಕೈಯಾರೆ ತುಂಬಿದ್ದ ಬಿಳಿ ಹತ್ತಿ, ಒಂದು ದಿಂಬಿನಷ್ಟು, ಅಲ್ಲಿರಲಿಲ್ಲ. ಬರಿ ಹಲಗೆ. ಅಂಟಿಗೆ ಸಿಕ್ಕಿಕೊಂಡ ಒಂದು ಎಳೆ ಮಾತ್ರ ಗಾಳಿಗೆ ಅಲ್ಲಾಡಿತು.

ಹತ್ತಿ ಕದಿಯುವ ಕಳ್ಳ ಯಾರು? ಗುಡುಗಣ್ಣನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಹೇಳಿದರೆ ಅರ್ಥವಾದದ್ದಕ್ಕೂ ಬೆಲೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಊಫರನ್ನು ಇದ್ದ ಹಾಗೆ ಕೂರಿಸಿ, ಸ್ಕ್ರೂ ಬಿಗಿದು, ಕೈ ಒರೆಸಿಕೊಂಡು ನಿಂತ. ಮೇಡಂ ವಾಪಸು ಬಂದಾಗ ಅವನು ಗೋಡೆಯ ಚಿತ್ರಗಳನ್ನು ನೋಡುತ್ತಿದ್ದ.

“ನಂಬರು ಕೋರ್ಟಲ್ಲಿ ನಿಲ್ಲಲ್ಲ,” ಮೇಡಂ ಹೇಳಿದರು. ದನಿ ಮೊದಲಿಗಿಂತ ಮೆತ್ತಗಿತ್ತು. “ಆದ್ರೆ ನಿಮ್ಮ ಮಾತು ತೆಗೆದುಹಾಕೋ ಹಾಗೂ ಇಲ್ಲ. ಯಾರ ಕೈ ಅದು? ಅದನ್ನ ನೀವೇ ಕಂಡುಹಿಡಿಯಬಲ್ಲಿರಿ. ಐದರವರೆಗೆ ಕಾಯ್ತೀನಿ. ನನಗೊಬ್ಬಳಿಗೇ ಹೇಳಿ, ಬೇರೆ ಯಾರಿಗೂ ಬೇಡ.”

ಗುಡುಗಣ್ಣ ಕೈ ಮುಗಿದ. ಒಂಬತ್ತು ದಿನದಲ್ಲಿ ಅವನ ಮಾತನ್ನು ಮಾತೆಂದು ಕೇಳಿದವರು ಇವರೊಬ್ಬರೇ.

ಯಾರ ಕೈ ಎಂದು ಅವನು ಆಗಲೇ ಊಹಿಸಿದ್ದ.

ಊರಿನಲ್ಲಿ ಸ್ಕ್ರೂಡ್ರೈವರ್ ಹಿಡಿಯುವವರು ಬೇಕಾದಷ್ಟಿದ್ದರು. ಆದರೆ ಎಂಬತ್ತು ಎಂಬುದು ಒಬ್ಬನ ಮಂತ್ರ. ಗುಡುಗಣ್ಣನಿಗೆ ಕಸುಬು ಕಲಿಸಿದ ಮೇಸ್ತ್ರಿ ಹೇಳಿಕೊಡುತ್ತಿದ್ದುದು ಅದನ್ನೇ. ‘ಎಂಬತ್ತು ಅಂದ್ರೆ ತಾಯಿ ಮಡಿಲು ಕಣೋ. ಯಾವ ಹಾಡು ತಂದು ಹಾಕಿದ್ರೂ ನಿದ್ದೆ ಮಾಡುತ್ತೆ.’ ಬೇರೆಯವರಾದರೆ ನಾಬನ್ನು ಎಲ್ಲೆಂದರಲ್ಲಿ ತಿರುಗಿಸಿ ಬಿಡುತ್ತಿದ್ದರು. ಎರಡನ್ನೂ ಗೆರೆಗೆ ಗೆರೆ ಕೂರಿಸಿ ಹೋಗಬೇಕಾದರೆ ಅದು ಮೇಸ್ತ್ರಿಯ ಕಡೆಯ ಕೈಯೇ. ತಪ್ಪು ಮಾಡಲು ಬಂದರೂ ಕೆಲಸ ಕೆಡಿಸಲಾಗದ ಕೈ.

ಮೇಲಾಗಿ ಮೇಸ್ತ್ರಿಯ ಅಂಗಡಿಗೂ ಭಾವನ ಗಡಿಯಾರದ ಅಂಗಡಿಗೂ ನಡುವೆ ಒಂದೇ ಗೋಡೆ.

ಮೇಸ್ತ್ರಿ ಅಂಗಡಿಯ ಮುಂದೆ ಮರದ ಕುರ್ಚಿಯಲ್ಲಿ ಕೂತಿದ್ದ. ಎಪ್ಪತ್ತು ದಾಟಿದ ದೇಹ, ಎಡಗೈಯಲ್ಲಿ ಚಹಾದ ಲೋಟ, ಬಲಗೈ ಪ್ಯಾಂಟಿನ ಜೇಬಿನಲ್ಲಿ. ಗುಡುಗಣ್ಣ ಬೇರೆ ಅಂಗಡಿ ಹಾಕಿಕೊಂಡು ಹೋದ ಮೇಲೆ ಎರಡು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

“ಬಾರೋ ಗುಡುಗ. ಮಳೆ ಬರದೆ ಗುಡುಗು ಬಂತಲ್ಲ, ಏನು ವಿಶೇಷ?”

“ಭಾವನ ಕಾರು ನೋಡಿ ಬಂದೆ.”

“ನೋಡ್ಬೇಕಾಗಿದ್ದು ಕೂರಿಸೋಕೆ ಮುಂಚೆ.” ಮೇಸ್ತ್ರಿ ಚಹಾ ಹೀರಿದ. “ಕಿವಿ ಇದ್ದೋನಿಗೆ ಕಸುಬು ಕಲಿಸ್ದೆ ಅಂದ್ಕೊಂಡಿದ್ದೆ. ಬಾಯಿ ಇದ್ದೋನಿಗೆ ಕಲಿಸಿದ್ದೀನಿ ಅಂತ ಆಮೇಲೆ ಗೊತ್ತಾಯ್ತು.”

“ಎಂಬತ್ತಕ್ಕೆ ಇಟ್ಟಿದ್ರು ಯಾರೋ. ಎರಡೂ.”

ಲೋಟ ಬಾಯಿಯ ಹತ್ತಿರ ನಿಂತಿತು. “ನೀನು ಎಷ್ಟಕ್ಕೆ ಇಟ್ಟಿದ್ದೆ?”

“ನೂರಿಪ್ಪತ್ತು.”

“ಯಾವ ದಡ್ಡ ಇಡ್ತಾನೋ ನೂರಿಪ್ಪತ್ತು? ಹಿಂದೆ ಕೂತು ಯಾರೋ ಗೊಣಗಿದ ಹಾಗೆ ಕೇಳುತ್ತೆ.”

“ಅವರಿಗೆ ಬೇಕಾಗಿದ್ದು ಅದೇ. ಹಿಂದೆ ಅಪ್ಪ ಕೂತಿರ್ಬೇಕಿತ್ತು.”

ಗುಡುಗಣ್ಣ ಒಂದು ಹೆಜ್ಜೆ ಮುಂದೆ ಇಟ್ಟ.

“ಊಫರ್ ಪೆಟ್ಟಿಗೆ ಬಿಚ್ಚಿದಾರೆ. ಒಳಗಿನ ಹತ್ತಿ ಇಲ್ಲ. ನಾಬು ಗೆರೆಗೆ ಗೆರೆ ನಿಂತಿದೆ. ಈ ಊರಲ್ಲಿ ಹಾಗೆ ನಿಲ್ಲಿಸೋ ಕೈ ಎರಡೇ ಎರಡು. ಒಂದು ನಂದು. ನಾನಂತೂ ಮುಟ್ಟಿಲ್ಲ.”

“ಅಂದ್ರೆ ನಾನು.”

“ನೀವೇ ಹೇಳಿ.”

“ನಿನ್ನ ಭಾವನ್ನ ನಾನು ಯಾಕೆ ಕೊಲ್ಲಲಿ? ದಿನಾ ಬೆಳಿಗ್ಗೆ ಪೇಪರ್ ಓದಿ ಹೇಳ್ತಿದ್ದ ನನಗೆ.”

“ಅವರನ್ನ ಅಲ್ಲ. ನನ್ನ. ಆ ಕಾರು ಯಾರ ಕೆಲಸ ಅಂತ ಊರಿಗೆಲ್ಲ ಗೊತ್ತು. ಅದು ಕೆಟ್ರೆ ಕೆಡೋದು ನನ್ನ ಹೆಸರು.” ಗುಡುಗಣ್ಣನ ದನಿ ಏರಿತು. “ಬಂದಾಗಿನಿಂದ ನೋಡ್ತಿದ್ದೀನಿ, ಆ ಬಲಗೈ ಜೇಬು ಬಿಟ್ಟು ಬಂದಿಲ್ಲ. ಏನು ಮುಚ್ಚಿಡ್ತಿದ್ದೀರಿ ಅದರಲ್ಲಿ?”

ಮೇಸ್ತ್ರಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಬಲಗೈಯನ್ನು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಕೈ ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ. ಜೋರು ಬೇಸಿಗೆ ಊಫರಿನ ಕಾಗದ ಹೇಗೆ ಹಿಂದೆ ಮುಂದೆ ಹೊಡೆದುಕೊಳ್ಳುತ್ತದೋ ಹಾಗೆ, ಒಂದೇ ಸಮ, ಬಿಡುವಿಲ್ಲದೆ.

“ನೀನು ನನ್ನ ಅಂಗಡಿ ಬಿಟ್ಟು ಹೋದ ವರ್ಷವೇ ಹತ್ತಿದ್ದು ಈ ನಡುಕ. ಸ್ಕ್ರೂಡ್ರೈವರ್ ಇರಲಿ, ಲೋಟ ಹಿಡಿದ್ರೆ ಅರ್ಧ ಚಹಾ ಅಂಗಿಗೆ. ಇದು ಒಳಗಿಂದ ಬರೋ ಬೇಸು ಕಣೋ. ಯಾವ ನಂಬರಿಗೆ ಕಟ್ ಮಾಡ್ತೀಯೋ ಮಾಡು ನೋಡೋಣ.”

ಗುಡುಗಣ್ಣ ಕುರ್ಚಿಯ ಪಕ್ಕದ ಮೆಟ್ಟಿಲ ಮೇಲೆ ಕೂತ. ಎದುರು ಬೀದಿಯಲ್ಲೇ ಅಂಗಡಿ ಇಟ್ಟುಕೊಂಡು ಎರಡು ವರ್ಷದಿಂದ ಈ ಕೈ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬೀಳಲು ಅವನು ಈ ಕಡೆ ತಿರುಗಿದ್ದರೆ ತಾನೆ.

“ಮೇಸ್ತ್ರಿ,” ಎಂದ.

“ಇರಲಿ ಬಿಡು. ನನಗೆ ಆಗಿದ್ದು ನಿನಗೆ ಹೇಳಿದ್ರೆ, ಅದನ್ನೂ ಒಂದು ಕತೆ ಮಾಡಿ ಊರಿಗೆ ಹಂಚ್ತಿದ್ದೆ.” ಮೇಸ್ತ್ರಿ ಕೈಯನ್ನು ಮತ್ತೆ ಜೇಬಿಗೆ ಸೇರಿಸಿದ. “ಲೆಕ್ಕ ತಪ್ಪಿದ್ದೀಯ ನೀನು. ಎರಡು ಕೈ ಅಂದೆ. ನಾನು ಕಲಿಸಿದ್ದು ನಿನಗೊಬ್ಬನಿಗೇ ಅಂತ ಯಾರು ಹೇಳಿದ್ರು?”

“ಇನ್ಯಾರಿಗೆ ಕಲಿಸಿದ್ರಿ?”

“ಸ್ಕೂಲು ಬಿಟ್ಟ ಮೇಲೆ ನಿನಗೆ ಊಟದ ಡಬ್ಬಿ ತರ್ತಿದ್ದೋಳು ಯಾರು? ನೀನು ಡಿಕ್ಕಿಯಲ್ಲಿ ಮಲ್ಕೊಂಡು ವೈರ್ ಎಳೀವಾಗ ಟಾರ್ಚ್ ಹಿಡೀತಿದ್ದೋಳು ಯಾರು? ಟಾರ್ಚ್ ಹಿಡಿದೋರು ಕಣ್ಣು ಮುಚ್ಕೊಂಡು ನಿಂತಿರ್ತಾರೇನೋ. ನೀನು ಕಿವಿ ನಂಬೋನು, ತಿರುಗಿಸಿ ತಿರುಗಿಸಿ ನೋಡ್ತಿದ್ದೆ. ಆ ಹುಡುಗಿ ನಾನು ಹೇಳಿದ ಮಾತು ನಂಬೋಳು. ಸ್ಕ್ರೂಡ್ರೈವರ್ ಕೈಗೆ ಕೊಟ್ರೆ ನೇರ ಎಂಬತ್ತಕ್ಕೆ ತಂದು ನಿಲ್ಲಿಸ್ತಿದ್ಳು. ನಿನಗಿಂತ ನೀಟು.”

ಗುಡುಗಣ್ಣ ಮೆಟ್ಟಿಲಿಂದ ಎದ್ದು ನಿಂತ.

ತಂಗಿ.

ಆ ಮನೆಯವರೆಗೆ ನಡೆಯಲು ಹತ್ತು ನಿಮಿಷ ಸಾಕು. ಗುಡುಗಣ್ಣನಿಗೆ ಮಧ್ಯಾಹ್ನವೆಲ್ಲ ಬೇಕಾಯಿತು. ಎರಡು ಸಲ ಬೀದಿಯ ತುದಿಗೆ ಹೋಗಿ ಹಿಂದಿರುಗಿದ. ಕೈಯಲ್ಲಿ ಫೋನ್ ಇತ್ತು. ಮೇಡಂಗೆ ಒಂದು ಮಾತು ಹೇಳಿದರೆ ಭಾವನನ್ನು ಕೊಂದವನೆಂಬ ಹೆಸರು ತನ್ನ ಮೇಲಿಂದ ಇಳಿಯುತ್ತದೆ. ಇಳಿದು ಯಾರ ಮೇಲೆ ಹೋಗಿ ಕೂರುತ್ತದೆ ಎಂಬುದೂ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರೆ, ಹಾವೇ ಮನೆಯ ಮಗಳಾದರೆ?

ನಾಲ್ಕೂವರೆಗೆ ಬಾಗಿಲ ಮುಂದೆ ನಿಂತ. ಎದುರಿನ ಇಸ್ತ್ರಿ ಅಂಗಡಿಯ ಬೆಂಚಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ಪೇಪರ್ ಹಿಡಿದು ಕೂತಿದ್ದ. ಒಂಬತ್ತು ದಿನದಿಂದ ಅದೇ ಬೆಂಚು. ಪೇಪರೂ ಅದೇ ಇದ್ದರೆ ಆಶ್ಚರ್ಯವಿಲ್ಲ.

ಬಾಗಿಲು ತಟ್ಟಿದ. ಒಳಗೆ ಹೆಜ್ಜೆಯ ಸದ್ದು ಬಂದು ಬಾಗಿಲ ಹಿಂದೆ ನಿಂತಿತು.

“ಯಾರು?”

“ನಾನು ಕಣೇ. ತೆಗಿ.”

ಸದ್ದಿಲ್ಲ. ಮೊದಲಿನ ಮೂರು ಸಲವೂ ಹೀಗೇ ಆಗಿತ್ತು. ಅವನು ತಿರುಗಿ ಹೊರಟುಬಿಡುತ್ತಿದ್ದ. ಇವತ್ತು ಹಣೆಯನ್ನು ಬಾಗಿಲ ಹಲಗೆಗೆ ಒತ್ತಿ ಪಿಸುಗುಟ್ಟಿದ.

“ಇವತ್ತು ಕಾರು ನೋಡಿದೆ.”

ಒಳಗಿನ ಉಸಿರು ಕೇಳುವಷ್ಟು ಹತ್ತಿರ ಬಂತು.

“ಎಷ್ಟಿತ್ತು?” ಎಂದಳು ತಂಗಿ.

“ಎಂಬತ್ತು.”

ಚಿಲಕ ಸರಿಯಿತು.

ಒಳಗೆ ಯಾರೂ ಇರಲಿಲ್ಲ. ನೆಂಟರಿಷ್ಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಗೋಡೆಯ ಮೇಲೆ ಭಾವನ ಆರು ಗಡಿಯಾರಗಳು, ಕೀಲಿ ಕೊಡುವವರಿಲ್ಲದೆ, ಒಂದೊಂದೂ ಒಂದೊಂದು ಹೊತ್ತಿನಲ್ಲಿ ನಿಂತಿದ್ದವು. ತಂಗಿ ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತಳು. ಒಂಬತ್ತು ದಿನದಲ್ಲಿ ಕಣ್ಣು ಹೊಂಡ ಬಿದ್ದಿತ್ತು.

“ಒಂಬತ್ತು ದಿನ ಬೇಕಾಯ್ತಾ ಅಣ್ಣ ನಿನಗೆ?”

“ಕಾರು ಮುಟ್ಟೋಕೆ ಬಿಟ್ಟಿದ್ದೇ ಇವತ್ತು.” ಅವನು ಅವಳ ಕೈಯನ್ನು ನೋಡಿದ. “ನೀನು ತಿರುಗಿಸಿದ್ಯಾ?”

“ನಾನೇ.”

“ಯಾಕೆ?”

“ಅವರು ಹೇಳಿದ್ರು, ಅದಕ್ಕೆ.” ಅವಳು ಮುಂಗೈಯಿಂದ ಮೂಗು ಒರೆಸಿಕೊಂಡಳು. “ಹಿಂದಿನ ದಿನ ಸಂಜೆ. ಪೆಟ್ಟಿಗೆ ನಾನೇ ಬಿಚ್ಚಿದ್ದು, ಅವರು ಪಕ್ಕದಲ್ಲಿ ನಿಂತಿದ್ರು. ‘ನನಗೇನಾದ್ರೂ ಆದ್ರೆ ನಿನ್ನಣ್ಣ ಈ ಕಾರು ನೋಡದೆ ಬಿಡಲ್ಲ. ಬರಿ ಪೆಟ್ಟಿಗೆ ಬಿಚ್ಚಿದ್ರೆ ಅವನು ಗಮನಿಸ್ತಾನೋ ಇಲ್ವೋ. ನಂಬರ್ ಬದಲಾದ್ರೆ ಮಾತ್ರ ಊರು ಒಂದು ಮಾಡ್ತಾನೆ. ನಾನು ಗಡಿಯಾರದ ಬೆನ್ನಲ್ಲಿ ಗುರುತು ಕೆರೀತೀನಿ, ಅವನಿಗೆ ನಂಬರೇ ಗುರುತು’ ಅಂದ್ರು.”

ಗುಡುಗಣ್ಣ ಕೂತುಬಿಟ್ಟ.

“ನನಗೆ ಬಂದು ಹೇಳ್ಬಾರದಿತ್ತಾ ನೀನು?”

“ನೀನಾಗಿ ನಂಬರ್ ನೋಡಿ ಬರೋವರೆಗೂ ಹೇಳ್ಬೇಡ ಅಂದಿದ್ರು. ನಾನು ನಿನ್ನ ಕರೆದು ಬಾಗಿಲು ಹಾಕ್ಕೊಂಡ್ರೆ ನನಗೂ ಗೊತ್ತಿದೆ ಅಂತ ಅವರಿಗೆ ತಿಳಿದುಹೋಗುತ್ತಲ್ಲ. ಎದುರಿಗೆ ಬೆಂಚಲ್ಲಿ ಕೂರಿಸಿದಾರಲ್ಲ ಒಬ್ಬನ್ನ, ನೋಡ್ಲಿಲ್ವಾ? ನಿನ್ನ ಮೇಲೆ ಕೋಪ ಅಂತ ಊರು ನಂಬಬೇಕಿತ್ತು. ಬಾಗಿಲ ಹಿಂದೆ ನಿಂತು ಮೂರು ಸಲ ಬಾಯಿಗೆ ಸೆರಗು ತುರುಕ್ಕೊಂಡೆ ಅಣ್ಣ.”

“ಯಾರಿಗೆ ತಿಳಿಯುತ್ತೆ? ಏನು ಗೊತ್ತಿದೆ ನಿನಗೆ?”

ಅವಳು ಹತ್ತಿರ ಬಂದು ನೆಲದ ಮೇಲೆ ಕೂತಳು. ಚಿಕ್ಕವಳಿದ್ದಾಗ ಟಾರ್ಚ್ ಹಿಡಿದು ಕೂರುತ್ತಿದ್ದ ಹಾಗೆಯೇ, ಮೊಣಕಾಲು ಮಡಚಿ.

“ಅಂಗಡಿಗೆ ಒಂದು ವಾಚು ರಿಪೇರಿಗೆ ಬಂತು. ಬೆನ್ನು ತೆಗೆದು ನೋಡಿದ್ರೆ ಒಳಗೆ ಇವರದ್ದೇ ಗುರುತು. ಮೂರು ವರ್ಷದ ಹಿಂದಿನ ತಾರೀಖು. ಚೀಟಿ ಪುಸ್ತಕ ತೆಗೆದು ನೋಡಿದ್ರು. ಆವತ್ತು ಆ ವಾಚು ತಂದಿದ್ದೋರು ಸರ್ವೇಯರು.”

“ಕಾಣೆಯಾದೋರಾ?”

“ಅವರೇ. ಆ ವಾಚು ಕಟ್ಕೊಂಡೇ ಮನೆ ಬಿಟ್ಟಿದ್ದು ಅಂತ ಫೋಟೋದಲ್ಲೂ ಇದೆ.”

ಗೋಡೆಯ ಮೇಲೆ ಬಿಸಿಲಿಗೆ ಮಾಸಿದ ಮುಖ, ಮಾಸದ ಗಡಿಯಾರ ಗುಡುಗಣ್ಣನ ಕಣ್ಣ ಮುಂದೆ ಬಂತು.

“ಈಗ ತಂದೋರು ಯಾರು?”

“ಹೆಸರು ಹೇಳ್ಲಿಲ್ಲ. ಹೇಳಿದ್ರೆ ನನಗೆ ಅಪಾಯ ಅಂದ್ರು. ‘ಅವರು ಬಂದ್ರೆ ನಾವು ಎದ್ದು ನಿಲ್ಲಬೇಕು, ಅಂಥವರು’ ಅಂದ್ರು ಅಷ್ಟೆ. ಎರಡು ಸಲ ಬಂದು ರೆಡಿ ಆಯ್ತಾ ಅಂತ ಕೇಳಿದ್ರಂತೆ. ಇವರು ಸ್ಪ್ರಿಂಗು ಬಂದಿಲ್ಲ ಅಂತ ತಳ್ಳಿದ್ರು. ಹಳಿಯಾಚೆ ಸರ್ವೇಯರ್ ಹೆಂಡತಿ ಇದಾರಲ್ಲ, ಬೆಳಿಗ್ಗೆ ಅವರಿಗೆ ತೋರಿಸಿ ಬರ್ತೀನಿ ಅಂತ ಹೊರಟ್ರು.” ಅವಳ ದನಿ ಅಲ್ಲಿಗೆ ನಿಂತು ಮತ್ತೆ ಹೊರಟಿತು. “ನಂಬರ್ ಕೆಟ್ಟಿದೆ, ಅಪ್ಪನ್ನ ಇವತ್ತು ಜೇಬಲ್ಲೇ ಇಟ್ಕೊಂಡು ಹೋಗ್ತೀನಿ ಅಂತ ನಗ್ತಾ ಹೇಳಿದ್ರು. ಕಾರಲ್ಲಿ ಯಾವ ಸದ್ದೂ ಇರಲಿಲ್ಲ ಅಣ್ಣ. ನೀನು ಕೂರಿಸಿದ್ದು ಅವರನ್ನ ಕೊಲ್ಲಲಿಲ್ಲ.”

ಒಂಬತ್ತು ದಿನದಿಂದ ಈ ಒಂದು ಮಾತಿಗಾಗಿ ಅವನು ಬೀದಿ ಬೀದಿ ಅಲೆದಿದ್ದ. ಅದು ಸಿಕ್ಕಿದಾಗ ಎದೆಯಲ್ಲಿ ಹಗುರಾಗಬೇಕಾದ್ದು ಹಗುರಾಗಲಿಲ್ಲ. ಸದ್ದಿಲ್ಲದ ಕಾರಿಗೆ ಆಮೇಲೆ ಯಾರೋ ಕೈ ಹಾಕಿ ರೇಡಿಯೋ ತಿರುಗಿಸಿದ್ದಾರೆ, ವಾಲ್ಯೂಮ್ ಕೊನೆ ಮುಟ್ಟಿಸಿದ್ದಾರೆ. ಅಂದರೆ ಭಾವ ರೈಲಿಗೆ ತಾನಾಗಿ ಸಿಕ್ಕಿದ್ದಲ್ಲ.

“ಎಲ್ಲಿದೆ ಅದು?” ತಂಗಿ ಕೈ ಚಾಚಿದಳು.

“ಯಾವುದು?”

“ವಾಚು. ಪೆಟ್ಟಿಗೆಯೊಳಗೆ ಇಟ್ಟಿದ್ವಲ್ಲ. ಅಲ್ಲಾಡಿ ಸದ್ದು ಮಾಡಬಾರದು ಅಂತ ನಿನ್ನ ಹತ್ತಿಯಲ್ಲೇ ಸುತ್ತಿ ಇಟ್ಟಿದ್ದು. ತಂದಿಲ್ವಾ?”

ಗುಡುಗಣ್ಣ ನಿಧಾನವಾಗಿ ತಲೆಯಾಡಿಸಿದ. “ಪೆಟ್ಟಿಗೆ ಖಾಲಿ ಇತ್ತು ಕಣೇ. ಹತ್ತಿಯೂ ಇರಲಿಲ್ಲ.”

ಅವಳ ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಆಗ ಫೋನ್ ಬಡಿದುಕೊಂಡಿತು. ಇನ್ಸ್‌ಪೆಕ್ಟರ್ ಮೇಡಂ. ಐದಕ್ಕೆ ಹತ್ತು ನಿಮಿಷ ಬಾಕಿ.

“ಎತ್ತು,” ಎಂದಳು ತಂಗಿ. “ಅವರಾದ್ರೂ ಕೇಳ್ತಾರೇನೋ.”

“ಅವರು ಒಳ್ಳೇವರು. ನನ್ನ ಮಾತು ಕೇಳಿದೋರು ಅವರೊಬ್ಬರೇ.” ಗುಡುಗಣ್ಣ ಫೋನ್ ಕಿವಿಗಿಟ್ಟುಕೊಂಡ. “ಹೇಳಿ ಮೇಡಂ.”

“ಫೈಲ್ ಮುಂದೆ ಇಟ್ಕೊಂಡು ಕೂತಿದ್ದೀನಿ.” ದನಿ ಬೆಳಗಿನ ಹಾಗೆಯೇ ಮೆತ್ತಗಿತ್ತು. “ಯಾರ ಕೈ ಅಂತ ಗೊತ್ತಾಯ್ತಾ?”

ಅವನು ತಂಗಿಯ ಮುಖ ನೋಡಿದ. ಬಾಯಿ ತೆರೆದ. ಎಲ್ಲ ಹೇಳಿಬಿಡಬೇಕೆಂದು ಉಸಿರು ಎಳೆದುಕೊಂಡ.

“ಒಂದು ನಿಮಿಷ,” ಮೇಡಂ ನಡುವೆ ಹೇಳಿದರು. “ಮೊದಲು ಇದು ಹೇಳಿ. ಪೆಟ್ಟಿಗೆಯಲ್ಲಿ ಹತ್ತಿ ಇಲ್ಲದಿರೋ ವಿಷಯ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ ತಾನೆ?”

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

ಹತ್ತಿಯ ವಿಷಯ ಅವನು ಮೇಡಂಗೆ ಹೇಳಿರಲಿಲ್ಲ. ಅವರಿಗೆ ಹೇಳಿದ್ದು ನಂಬರು ಮಾತ್ರ. ಪೆಟ್ಟಿಗೆ ತೆರೆದಾಗ ಅಂಗಳದಲ್ಲಿ ನರಪಿಳ್ಳೆ ಇರಲಿಲ್ಲ. ಮೇಸ್ತ್ರಿಯೋ, ಠಾಣೆಯ ಮೆಟ್ಟಿಲು ಹತ್ತುವ ಮನುಷ್ಯನೇ ಅಲ್ಲ. ಹತ್ತಿ ಇಲ್ಲವೆಂದು ತಾನಾಗಿ ತಿಳಿದಿರಬೇಕಾದರೆ ಅದನ್ನು ತೆಗೆದವರಿಗೇ ತಿಳಿದಿರಬೇಕು.

ಬೆಳಿಗ್ಗೆ ಸಮಯ ನೋಡಲು ಎತ್ತಿದ ಎಡಗೈ ನೆನಪಾಯಿತು. ಗಡಿಯಾರವಿಲ್ಲದ, ಆದರೆ ಗಡಿಯಾರದ ಅಭ್ಯಾಸವಿನ್ನೂ ಬಿಡದ ಮಣಿಕಟ್ಟು. ಭಾವನ ಅಂಗಡಿಗೆ ರಿಪೇರಿಗೆ ಹೋಗುವವರೆಗೆ ಸರ್ವೇಯರನ ವಾಚು ಇದ್ದದ್ದು ಅಲ್ಲೇ.

ಯಾರ ಕೈ, ನನಗೊಬ್ಬಳಿಗೇ ಹೇಳಿ ಎಂದು ಅವನನ್ನು ಕಳಿಸಿದ್ದರು. ವಾಚು ಅವರಿಗೆ ಆಗಲೇ ಸಿಕ್ಕಿತ್ತು; ಅದನ್ನು ಬಚ್ಚಿಟ್ಟ, ಅದರ ಗುಟ್ಟು ಬಲ್ಲ ಕೈಯನ್ನು ಹುಡುಕಿಕೊಡಲು. ಅವನು ಹುಡುಕಿ, ನೇರವಾಗಿ ಆ ಕೈಯ ಮನೆಯ ಬಾಗಿಲಿಗೇ ನಡೆದು ಬಂದಿದ್ದ.

ಸಾವಿರ ಸುಳ್ಳು ಹೇಳಿ ಊರನ್ನು ನಗಿಸಿದ ಬಾಯಿಗೆ, ಒಂದು ಜೀವ ಉಳಿಸುವ ಸುಳ್ಳು ಬೇಕಾದಾಗ ನಂಬುವಂಥದ್ದು ಒಂದೂ ಸಿಗಲಿಲ್ಲ.

“ಇಲ್ಲ ಮೇಡಂ,” ಎಂದ. “ಕೈ ಯಾರದು ಅಂತ ಗೊತ್ತಾಗಲಿಲ್ಲ. ಮನೆಗೆ ಹೊರಟಿದ್ದೀನಿ.”

ಹೊರಗೆ ಬೀದಿಯಲ್ಲಿ ಬೆಂಚು ಕಿರ್ರೆಂದಿತು. ಯಾರೋ ಎದ್ದು ನಿಂತ ಸದ್ದು.

“ಹೌದಾ,” ಎಂದರು ಮೇಡಂ. “ಒಂಬತ್ತು ದಿನ ನಿಮಗೆ ತೆಗೀದಿದ್ದ ಬಾಗಿಲು ಇವತ್ತು ತೆಗೆದ್ರಂತಲ್ಲ ನಿಮ್ಮ ತಂಗಿ. ಏನಂದ್ರು?”